ಮೂರನೇ ಪ್ರೂಫು

ದವಾಖಾನಿ ಒಪ್ಪಿಗೆ ಪತ್ರ, ಐನೂರು ಪ್ರತಿ,
ತುಸು ದಪ್ಪ ಕಾಗದ, ಅರ್ಜಂಟು.
ಗದಗಿನ ನಮ್ಮ ಪ್ರೆಸ್ಸಿಗೆ ಹುಬ್ಬಳ್ಳಿಯಿಂದ ಬಂದ ಕೆಲಸ.
ಅದರಾಗ ಒಂದು ಶಬ್ದ: ಪರ್ಕ್ಯುಟೇನಿಯಸ್.
ಸಾಲಿನಾಗ ಹಿಡಿಸಲಿಲ್ಲ. ಮುರಿದರ
ಅರ್ಧ ಮ್ಯಾಲ ಉಳೀತು, ಅರ್ಧ ಕೆಳಗಿಳೀತು,
ಬಸ್ಸಿನ ಬಾಗಿಲದಾಗ ಬ್ಯಾರೆ ಆದ ಗಂಡಾ ಹೆಂಡ್ತಿ ಹಂಗ.

ಫೋನ್ ಹಚ್ಚಿದೆ. ಕನ್ನಡದಾಗ ಏನಂತಾರ್ರೀ ಇದಕ್ಕ?
ಡಾಕ್ಟರ್ ಅಣ್ಣಿಗೇರಿಯವರು ಒಂದು ಗಳಿಗಿ ಸುಮ್ಮನಿದ್ದು,
'ಕೊಯ್ದು ತೆರಿಯಂಗಿಲ್ಲ ನೋಡ್ರಿ.
ಸೂಜಿ ಹೋದ ಹಾದಿ, ಅದನ್ನ ಸ್ವಲ್ಪ ಅಗಲ ಮಾಡೋದು,
ಒಳಗಿನ ಕೆಲಸ ಅಲ್ಲಿಂದನ ಮುಗಿಸೋದು.
ಚರ್ಮದ ಮೂಲಕ ಅಂತ ಹಾಕ್ರಿ, ಸಾಕು' ಅಂದ್ರು.

ಮೊದಲನೇ ಪ್ರೂಫು ಬಂತು:
'ಕರ್ಮದ ಮೂಲಕ ಕಲ್ಲು ತೆಗೆಯುವ ವಿಧಾನ.'
ಇಮಾಂಬಿ ಕೀಬೋರ್ಡಿನ ಮ್ಯಾಲ ಹಣಿ ಇಟ್ಟು ನಕ್ಕಳು.
ಕ ತಗಿಯವ್ವಾ, ಅಂದೆ.
ಎರಡನೇದರಾಗ ಕಡೀ ಕ-ನೂ ಇರಲಿಲ್ಲ,
'ಚರ್ಮದ ಮೂಲ' ಅಂತಿತ್ತು. ಅದು ಬ್ಯಾರೇನ ರೋಗ.
ಮೂರನೇದು ಸರಿ ಇತ್ತು. ಅಚ್ಚಾತು, ಬಂಡಲ್ ಕಟ್ಟಿ ಕಳಿಸಿದ್ವಿ.
ಬಿಲ್ಲು ಇನ್ನೂ ಬಾಕಿ ಐತಿ.

ಬೋರಿನ ನೀರು ಕೊಡದ ತಳಕ್ಕ ಬಿಳೀ ಪೊರಿ ಬಿಡತೈತಲ್ಲ,
ನನ್ನೊಳಗೂ ವರ್ಷಾನುಗಟ್ಟಲೆ ಹಂಗ ಬಿಟ್ಟಿತ್ತು ಕಾಣತೈತಿ.
ಶ್ರಾವಣದಾಗ ಒಂದು ರಾತ್ರಿ
ಪಕ್ಕಡಿ ಹಿಡಕೊಂಡು ಹೊಳ್ಳಾಡಿದೆ.

ಹುಬ್ಬಳ್ಳ್ಯಾಗ ನರ್ಸಬಾಯಿ ಕೊಟ್ಟ ಕಾಗದದ ಗುರುತು
ಮೊದಲು ಬೆರಳಿಗೆ ಸಿಕ್ತು. ತುಸು ದಪ್ಪ.
'ಓದಾಕ ಬರತೈತೇನ್ರೀ? ತಿಳೀಲಿಲ್ಲಂದ್ರ ಕೇಳ್ರಿ.'
ಬರತೈತವ್ವ. ಮೂರು ಸಲ ಓದೀನಿ.
ನಾಕನೇ ಸಲ ಕೈ ನಡುಗಿತು.
ಕರ್ಮದ ಅಂತಿದ್ದಾಗ ನಕ್ಕಿದ್ದೆ.
ಚರ್ಮದ ಅಂತ ತಿದ್ದುವಾಗ
ಅದು ನನ್ನದ ಅಂತ ಗೊತ್ತಿರಲಿಲ್ಲ.

ಬೋರಲ ಮಲಗಿಸಿದ್ರಂತ. ನನಗ ಖಬರಿಲ್ಲ.

ಎಚ್ಚರಾದ ಮ್ಯಾಲೆ ನೋಡಿದರ, ಕಾಶವ್ವ
ಸಣ್ಣ ಬಾಟಲಿ ಕಿಟಕಿ ಬೆಳಕಿಗೆ ಹಿಡಿದು ಅಲ್ಲಾಡಿಸಾಕ ಹತ್ತಿದ್ಲು:
ನುಚ್ಚು. ಜ್ವಾಳದ ನುಚ್ಚಿನ ಬಣ್ಣ.
'ಎಲ್ಲಿಂದ ತಗದ್ರು?'
ಚರ್ಮದ ಮೂಲಕ, ಅಂದೆ, ಪತ್ರದಾಗ ಇದ್ದಂಗ.
'ತೊಗಲ ಹಾಯ್ದು ಅನ್ರಿ ಮತ್ತ,' ಅಂದ್ಲು ಆಕಿ,
ಹೊಲ ಹಾಯ್ದು ಬಂದವರ ಸುದ್ದಿ ಹೇಳಿದಂಗ.

ಮೊಳೆ ಜೋಡಿಸಿ ಕೆಲಸ ಕಲ್ತವ ನಾನು, ಅಕ್ಷರ ಉಲ್ಟಾ ಓದಿದವ.
ಮನಿಗೆ ಬಂದು, ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ಹೊರಳಿಸಿ ನೋಡಿದೆ:
ಹದಿನೆಂಟು ಪಾಯಿಂಟಿನ ಸೊನ್ನಿ ಒಂದು, ಒಣಗಾಕ ಹತ್ತಿತ್ತು.
ಸೊನ್ನಿ ಯಾವ ಕಡಿಂದ ಓದಿದ್ರೂ ಸೊನ್ನಿ.

ಮತ್ತ ಐನೂರರ ಆರ್ಡರ್ ಬಂದೈತಂತ.
ಇಮಾಂಬಿ, ನಾಕನೇ ಪ್ರೂಫ್ ತಗಿ.