ಸಾವಿರಕ್ಕೆ ಇಷ್ಟು

ಹೊಸಂಗಡಿ ಗೇಟು ದಾಟಿ ಎಡಕ್ಕೆ,
ಮುಚ್ಚಿಹೋದ ಬೀಡಿ ಬ್ರಾಂಚು.
ಬಾಗಿಲು ತೆಗೆದರೆ ಈಗಲೂ ಹೊಗೆಸೊಪ್ಪಿನ ಘಾಟು.
ಮೊದಲ ದಿನ ತಹಶೀಲ್ದಾರರು ಮೂರು ಸಲ ಸೀನಿದರು,
ಅದೇ ಉದ್ಘಾಟನಾ ಭಾಷಣ.

ಬೋರ್ಡಿಲ್ಲ, ಹಾಜರಿ ಪುಸ್ತಕವಿಲ್ಲ.
ಬಂದವರೆಲ್ಲ ಒಂದಲ್ಲ ಒಂದು ಕುರ್ಚಿಯವರು:
ಪಂಚಾಯತಿನ ಫೆಲ್ಸಿ ಕ್ರಾಸ್ತಾ,
ಮೀನುಗಾರರ ಸೊಸೈಟಿಯ ಮೊಯ್ದೀನ್ ಕುಂಞಿ,
ಸಹಕಾರಿ ಬ್ಯಾಂಕಿನಿಂದ ನಾನು, ಆಳ್ವ.
ಕುರ್ಚಿ ಮಾತ್ರ ಇರಲಿಲ್ಲ.
ತಡ್ಪೆ ಮಡಿಲಲ್ಲಿಟ್ಟು ಹೆಂಗಸರು ಕೂರುತ್ತಿದ್ದ
ಅದೇ ಸಿಮೆಂಟು ನೆಲ, ಅಲ್ಲಲ್ಲಿ ಸವೆದು ನುಣುಪಾಗಿ.

ಕಲಿಸುವವಳು ಜಲಜಾಕ್ಷಿ.
ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿ
ಆಮೇಲೆ ನಾಲ್ಕು ವರ್ಷ
ಯಾವುದೋ ಊರಿನ ಯಾವುದೋ ಕಂಪನಿಗೆ
ಮೊಬೈಲಿನಲ್ಲಿ ಚಿತ್ರಗಳಿಗೆ ಹೆಸರು ಕಟ್ಟಿದವಳು.
ಇದು ನಾಯಿ, ಇದು ನಾಯಿಯ ನೆರಳು,
ಇದು ರಸ್ತೆ ದಾಟುವ ಮುದುಕ, ಇದು ಕಂಬ.
ಬೀಡಿಗೂ ಚಿತ್ರಕ್ಕೂ ಲೆಕ್ಕ ಒಂದೇ,
ಸಾವಿರಕ್ಕೆ ಇಷ್ಟು. ಕೆಟ್ಟದ್ದು ವಾಪಸು.

ನಾವು ಕೇಳಲು ಬಂದದ್ದು ಬೇರೆ.
ಸಾಲ ಕೇಳುವವನ ಮುಖ ನೋಡಿಯೇ
ಯಂತ್ರ ಹೇಳುತ್ತದಂತಲ್ಲ, ಕಟ್ಟುತ್ತಾನೋ ಮುಳುಗಿಸುತ್ತಾನೋ ಎಂದು?
ಅವಳು ಉತ್ತರ ಕೊಡಲಿಲ್ಲ. ತಲಾ ಒಂದು ಫೋನು ಕೊಟ್ಟಳು.
"ಸಾವಿರ ಚಿತ್ರ. ಆಮೇಲೆ ಚಾ."

ಇನ್ನೂರಕ್ಕೆ ನನ್ನ ಕಣ್ಣು ಉರಿಯಿತು.
ಮುನ್ನೂರ ಹನ್ನೊಂದನೆಯದು ಒಂದು ದೋಣಿ,
ಅರ್ಧ ಮರಳಿನಲ್ಲಿ, ಮಗುಚಿ.
ದೋಣಿ ಎಂದು ಒತ್ತಲೇ, ಕಸ ಎಂದು ಒತ್ತಲೇ?
ಕಸ, ಎಂದರು ಫೆಲ್ಸಿ ಬಾಯಿ.
ಮೊಯ್ದೀನ್ ಕುಂಞಿ ಎದ್ದೇ ನಿಂತ:
"ಅದು ಓಡುವ ದೋಣಿ ಮಾರಾಯ್ರೇ! ಮಳೆಗಾಲ ಮುಗಿಯಲಿ, ನೋಡಿ."
"ಬೇಗ ಒತ್ತಿ," ಎಂದಳು ಜಲಜಾಕ್ಷಿ, "ಯೋಚಿಸುವುದಕ್ಕೆ ಕೂಲಿ ಇಲ್ಲ."
ತಹಶೀಲ್ದಾರರು ಮಲಯಾಳದಲ್ಲಿ ಏನೋ ಗೊಣಗಿ
ಕಸ ಎಂದು ಒತ್ತಿದರು.
ಎಲ್ಲೋ ಒಂದು ಕಡಲತಡಿಯಲ್ಲಿ
ಅದರಿಂದ ಏನಾಯಿತೋ ಗೊತ್ತಿಲ್ಲ.

ಮೂರನೆಯ ಶನಿವಾರ ಹೆಸರಿನ ಪಾಠ.
ಕುಂಞಿ ಮಲಯಾಳದಿಂದ ಇಂಗ್ಲಿಷಿಗೆ ಹೋಗಿ
ಕನ್ನಡಕ್ಕೆ ವಾಪಸಾಗುವಾಗ
ಯಂತ್ರ ಓದಿತು, 'ಕುನ್ಹಿ'.
ಮತ್ತೆ ಕೇಳಿದರೆ, ಇವರಿಬ್ಬರೂ ಬೇರೆ ಬೇರೆ ಎಂದಿತು.
"ಡೀಸೆಲ್ ಸಬ್ಸಿಡಿ ಒಬ್ಬನಿಗೆ ಮಾತ್ರ. ಯಾರಿಗೆ ಕೊಡುತ್ತೀರಿ?"
ಏಳು ಭಾಷೆಯ ಮಣ್ಣು ಎಂದು ವೇದಿಕೆಗಳಲ್ಲಿ
ಎಷ್ಟು ಸಲ ಹೇಳಿದ್ದೇನೋ ನಾನು.
ಆ ಒಂದು ಞ ಎಲ್ಲಿ ಉದುರಿತು ಎಂದು
ಹತ್ತು ಗಂಟೆಯವರೆಗೂ ನಾಲ್ಕು ಜನ ಹುಡುಕಿದೆವು.

ಕೊನೆಗೆ ನನ್ನ ಸರದಿ.
ನಮ್ಮ ಬ್ಯಾಂಕಿನ ಹೆಬ್ಬೆಟ್ಟಿನ ಯಂತ್ರ ತರಲು ಹೇಳಿದ್ದಳು,
ರಿಬ್ಬನು ಕತ್ತರಿಸಿದವನು ನಾನೇ, ಹೆಮ್ಮೆಯಿಂದ ತಂದೆ.
ಅವಳು ಹೆಬ್ಬೆರಳಿಟ್ಟಳು. ಕೆಂಪು.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಎಲೆ ಸುರುಳಿ ಸುತ್ತಿ ಸುತ್ತಿ ಗೆರೆಯೇ ಉಳಿಯದ ಬೆರಳು.
"ಹೋದ ವರ್ಷ ಪಿಂಚಣಿಗೆ ಬಂದಿದ್ದೆ. ಎರಡು ಗಂಟೆಯವರೆಗೆ ನಿಂತಿದ್ದೆ.
ಗಾಜಿನ ಹಿಂದೆ ನೀವಿದ್ದಿರಿ."
ಯಾರಿಗೋ ಹೇಳಿಕಳಿಸಿದ್ದು ನೆನಪಾಯಿತು:
ಎಣ್ಣೆ ಹಚ್ಚಿಕೊಂಡು ನಾಳೆ ಬರಲಿ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ.
ಅವಳು ಹಾಳೆ ಚಾಚಿದಳು.
"ಕೆಂಪು ಬಂದರೆ ಬ್ಯಾಂಕು ಏನು ಮಾಡಬೇಕು? ಬರೆಯಿರಿ."
ಬರೆದೆ. ಓದಿದಳು.
ಬೀಡಿಯ ತುದಿ ಚಿವುಟಿ ನೋಡುವ ಚೆಕ್ಕರಿನ ಹಾಗೆ
ಮೂಲೆ ಚಿವುಟಿ ವಾಪಸು ಎಸೆದಳು.
"ಸಡಿಲ. ಬಿಚ್ಚಿ, ಮತ್ತೆ ಕಟ್ಟಿ."

ಈಗ ನಾಲ್ಕನೆಯ ಸಲ ಬರೆಯುತ್ತಿದ್ದೇನೆ.
ಮಂಗಳೂರಿನ ಲೋಕಲ್ಲು ಗೇಟು ದಾಟಿದ ಸದ್ದು.
ಫೆಲ್ಸಿ ಬಾಯಿ ಎಲ್ಲರಿಗೂ ಚಾ ಸುರಿಯುತ್ತಿದ್ದಾರೆ,
ನನ್ನ ಲೋಟ ಮಾತ್ರ ಕವುಚಿಯೇ ಇದೆ.