ಅಂದೇ ಕೇಳಬಹುದಿತ್ತು

ಒಂಬತ್ತಕ್ಕೆ ಕೌಂಟರಿನ ಗಾಜು ಸರಿಸಿದಾಗ
ಆರ್ಮಂಡ್ ತಿಬೊಡೊ ಆಗಲೇ ನಿಂತಿದ್ದ,
ಕಂಕುಳಲ್ಲಿ ಕೂಸಿನಂತೆ ಕಡತ,
ಬೂಟಿನಿಂದ ಹಿಮ ಕರಗಿ
ಕೋರ್ಟಿನ ನೆಲದ ಮೇಲೆ ಸಣ್ಣದೊಂದು ಕೆರೆ.

ಅರ್ಜಿಗೆ ಮುದ್ರೆ ಒತ್ತುವುದಷ್ಟೇ ನನ್ನ ಕೆಲಸ.
ಓದಬಾರದೆಂದೇನೂ ಇಲ್ಲ. ಓದಿದೆ.
ಪ್ರತಿವಾದಿ ಎಲ್ವುಡ್ ಪಿಂಕಮ್,
ಇಪ್ಪತ್ತಾರು ವರ್ಷದ ಪಾಲುದಾರ.
ನನ್ನಪ್ಪನ ಲಾಬ್‌ಸ್ಟರ್ ದೋಣಿ ಕಟ್ಟಿದ್ದೂ ಇವರೇ,
ಹಲಗೆ ಬಾಗಿಸಿದವನು ಆರ್ಮಂಡ್, ಬಿಲ್ಲು ಬರೆದವನು ಎಲ್ವುಡ್.
ಬಿಲ್ಲನ್ನು ಅಪ್ಪ ಮೂರು ವರ್ಷ ತೀರಿಸಿದ.

ಹೋದ ಮಾರ್ಚಿನಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ
ಮಧ್ಯಸ್ಥಗಾರ್ತಿ ಮಿಸೆಸ್ ಹ್ಯಾಸ್ಕೆಲ್
ಎರಡು ದಿನ ಕೂತು ಪಾಲು ಹಂಚಿದಳು:
ಶೆಡ್ಡು ಇವನಿಗೆ, ಕ್ರೇನು ಅವನಿಗೆ,
ಗರಗಸದ ಯಂತ್ರ ಮಾರಿ ಬಂದದ್ದರಲ್ಲಿ ಅರ್ಧರ್ಧ,
ಸಾಲ ಇಬ್ಬರಿಗೂ.
ಕೊನೆಗೆ ಕೇಳಿದಳಂತೆ, ಇನ್ನೇನಾದರೂ ಉಂಟೆ?
ಇಬ್ಬರೂ ಕಿಟಕಿಯಾಚೆ ಇಳಿತದ ಕಡಲು ನೋಡಿದರಂತೆ.
ತೀರ್ಪಿಗೆ ಸಹಿ ಬಿತ್ತು.

ಈಗ ಆರ್ಮಂಡ್ ಕೇಳುತ್ತಿರುವುದು
ಆ ಶೆಡ್ಡಿನ ಗೋಡೆಗೆ ಮೊಳೆ ಹೊಡೆದ ಪೈನ್ ಮರದ ತುಂಡು,
ಎರಡು ಮೊಳದ ಅರ್ಧ ದೋಣಿ.
ಅದರ ಮೈ ಅಳೆದಳೆದೇ
ನಲವತ್ತೊಂದು ದೋಣಿ ನೀರಿಗಿಳಿದವು.
ಮದುವೆಗೆ ಮೊದಲಿನ ಚಳಿಗಾಲ ತಾನೇ ಕೆತ್ತಿದ್ದು.
"ಅದರ ಮಾತೇ ಆವತ್ತು ಬರಲಿಲ್ಲ" ಎಂದ,
"ಬಾರದ ಮಾತನ್ನು ಆಕೆ ತೀರಿಸಿದ್ದು ಹೇಗೆ?"

ಗಾಜಿನ ಈಚೆ ಕೂತವಳು ಕಾನೂನು ಹೇಳುವಂತಿಲ್ಲ,
ಬೋರ್ಡೇ ಇದೆ.
ಹತ್ತೊಂಬತ್ತು ವರ್ಷ ಆದೇಶ ಜೋಡಿಸಿಟ್ಟ ಕೈಗೆ ಮಾತ್ರ ಗೊತ್ತು:
ಅಂದು ಕೇಳಿದ್ದೂ ಮುಗಿಯಿತು,
ಅಂದು ಕೇಳಬಹುದಾಗಿದ್ದೂ ಮುಗಿಯಿತು.
ಆಡಿದರೆ ಹೋಯಿತು ಮಾತು, ಎನ್ನುತ್ತಾರಲ್ಲ,
ಆಡದೆ ಉಳಿಸಿಕೊಂಡದ್ದೂ ಹೋಗುತ್ತದೆ ಇಲ್ಲಿ.
ಮುದ್ರೆ ಒತ್ತಿದೆ. ಶುಲ್ಕ ಪಡೆದೆ. ಚಿಲ್ಲರೆ ಕೊಟ್ಟೆ.

ಮೇ ತಿಂಗಳಲ್ಲಿ ಜಡ್ಜ್ ಬರೆದದ್ದು ಒಂದೂವರೆ ಪುಟ.
ವಜಾ.
ತಪ್ಪೆನ್ನಲಾರೆ. ಇಲ್ಲದಿದ್ದರೆ ಪ್ರತಿ ಜಗಳವೂ
ಉಬ್ಬರದಂತೆ ದಿನಕ್ಕೆರಡು ಸಲ ಬಂದು
ಇದೇ ಗಾಜು ತಟ್ಟೀತು.

ಪ್ರತಿ ಒಯ್ಯಲು ಎಲ್ವುಡ್ ಬಂದ.
ಗೆದ್ದವನ ಮುಖವಲ್ಲ.
"ಕೇಳಿದ್ದರೆ ಅವತ್ತೇ ಕೊಡುತ್ತಿದ್ದೆ" ಎಂದ,
ನನಗಲ್ಲ, ಕೈಯಲ್ಲಿದ್ದ ಎರಡು ಡಾಲರಿನ ರಸೀತಿಗೆ.

ಈಗ ಕೊಡಬಾರದೆಂದು
ಯಾವ ತೀರ್ಪಿನಲ್ಲೂ ಬರೆದಿಲ್ಲ.
ಅದನ್ನು ಹೇಳೋಣವೆಂದರೆ
ಬೋರ್ಡು.