ಕಳೆಯುವ ಲೆಕ್ಕ

ಯೊಎನ್ಸೂ ಊರಿನಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತ ಆರೋಗ್ಯ ಕೇಂದ್ರದ
ನೆಲಮಾಳಿಗೆಯಲ್ಲಿ ಹಳದಿ ಹಾಳೆಗಳಾಗಿ ಮಲಗಿವೆ ಮೂವತ್ತೈದು ವರ್ಷ.
ಐದು ವರ್ಷಕ್ಕೊಮ್ಮೆ ಮುದುಕರನ್ನು ಕರೆದಿದ್ದೇವೆ,
ಕೈಗೊಂದು ಉಕ್ಕಿನ ಹಿಡಿ ಕೊಟ್ಟು ಹಿಂಡಿ ಎಂದಿದ್ದೇವೆ,
ಮುಳ್ಳು ನಿಂತಲ್ಲಿಗೆ ಬರೆದುಕೊಂಡಿದ್ದೇವೆ.

ನನಗೆ ಹೇಳಿದ ಕೆಲಸ ಇಷ್ಟೇ:
ವಯಸ್ಸಿನದೆಷ್ಟು, ತಲೆಮಾರಿನದೆಷ್ಟು,
ಬಿಡಿಸಿ ಕೊಡು.

ತೌನೊ ರಾಸನೆನ್. ಹದಿನೆಂಟರಲ್ಲಿ ಹುಟ್ಟಿದವ.
ಆ ವರ್ಷ ರೊಟ್ಟಿಯ ಹಿಟ್ಟಿಗೆ ಪೈನ್ ಮರದ ತೊಗಟೆ ಬೆರೆಸಿದ್ದರು.
ನಲವತ್ತು ಬೇಸಿಗೆ ಹೊಳೆಯಲ್ಲಿ ದಿಮ್ಮಿ ತೇಲಿಸಿದ ಕೈ
ಎಪ್ಪತ್ತಕ್ಕೆ ಹಿಂಡಿದ್ದು ಮೂವತ್ತೊಂಬತ್ತು ಕಿಲೊ.
ಕೌಕೊ ಹಿರ್ವೊನೆನ್. ನಲವತ್ತೆಂಟರ ಕೂಸು.
ಶಾಲೆಯಲ್ಲಿ ಬಿಟ್ಟಿ ಬಟಾಣಿ ಸಾರು, ಆಮೇಲೆ ಬ್ಯಾಂಕಿನ ಕುರ್ಚಿ.
ಪೆನ್ನಿಗಿಂತ ಭಾರದ್ದೇನನ್ನೂ ಎತ್ತದ ಅದೇ ಎಪ್ಪತ್ತರ ಕೈ
ನಲವತ್ತನಾಲ್ಕು.

ಹಾಗಾದರೆ ಎಪ್ಪತ್ತು ಅಂದರೇನು?

ಹಂಸ ನೀರುಳಿಸಿ ಹಾಲು ಕುಡಿಯುತ್ತದಂತೆ.
ಇಲ್ಲಿಯ ಹಂಸಗಳನ್ನು ನಾನು ಬಲ್ಲೆ.
ಏಪ್ರಿಲ್‌ನಲ್ಲಿ ಮಂಜುಗಡ್ಡೆ ಒಡೆದ ಅಂಚಿಗೆ ಬಂದು
ಕೆಸರಲ್ಲಿ ಕತ್ತು ಮುಳುಗಿಸಿ ಬೇರು ಕೀಳುತ್ತವೆ.
ನನ್ನ ಪಾಡೂ ಅದೇ.

ಈ ವರ್ಷದಲ್ಲಿ ಹುಟ್ಟಿದ ವರ್ಷ ಕಳೆದರೆ ವಯಸ್ಸು.
ಒಂದನೇ ತರಗತಿಯ ಮಗುವೂ ಮಾಡುವ ಲೆಕ್ಕ,
ಅದೇ ನನ್ನ ಕಾಲಿಗೆ ತೊಡರುವ ಹಗ್ಗ.
ಮೂರೂ ಬೇಕು ಎಂದು ಕಂಪ್ಯೂಟರಿಗೆ ಕೊಟ್ಟರೆ
ಒಂದು ಸಾಲನ್ನು ಅದು ಸದ್ದಿಲ್ಲದೆ ಕೆಳಗೆ ಬಿಡುತ್ತದೆ,
ಯಾವುದು ಬೇಡವೆಂದು ನನ್ನನ್ನು ಕೇಳುವುದೂ ಇಲ್ಲ.
ಯಾವುದೋ ಒಂದನ್ನು ಸೊನ್ನೆ ಎಂದು ಒಪ್ಪಿಕೊ,
ಉಳಿದೆರಡು ಬಾಯಿ ಬಿಡುತ್ತವೆ.
ಬೇರೆಯದನ್ನು ಒಪ್ಪಿಕೊ, ಬೇರೆ ಕಥೆ ಹೇಳುತ್ತವೆ,
ಅಷ್ಟೇ ಗಟ್ಟಿ ದನಿಯಲ್ಲಿ.

ಇನ್ನು ತೊಂಬತ್ತರವರು.
ಎಂಬತ್ತೈದರವರಿಗಿಂತ ಅವರ ಹಿಡಿತ ಬಿಗಿ!
ಸಂತೋಷಪಡುವ ಮೊದಲು ಹಾಜರಿ ನೋಡಿದೆ:
ಇನ್ನೂರ ಹನ್ನೊಂದು ಜನರಲ್ಲಿ ಬಂದವರು ಹತ್ತೊಂಬತ್ತು.
ಕೈ ಸೋತವರು ಸರಾಸರಿಯಿಂದಲೂ
ಸೌಜನ್ಯದಿಂದ ಎದ್ದು ಹೋಗಿದ್ದರು.

ಎರಡು ಸಾವಿರದ ಮೂರರಲ್ಲಿ ಎಲ್ಲರಿಗೂ ಒಮ್ಮೆಲೆ ಬಲ ಬಂದಿದೆ.
ಯುದ್ಧವಲ್ಲ, ಔಷಧವಲ್ಲ, ಹೊಸ ಸರ್ಕಾರವೂ ಅಲ್ಲ.
ಹಳೆಯ ಯಂತ್ರದ ಸ್ಪ್ರಿಂಗ್ ಬದಲಾಯಿಸಿದ್ದರು.

ಹಾಳೆಗಳ ಅಂಚಿನಲ್ಲಿ ನರ್ಸ್ ಔನೆಯ ಪೆನ್ಸಿಲ್ಲು:
“ಬಲಗೈ ಹೆಬ್ಬೆರಳಿಲ್ಲ, ಗರಗಸ.”
“ಕನ್ನಡಕ ಬಸ್ಸಿನಲ್ಲಿ ಬಿಟ್ಟು ಬಂದಿದ್ದಾರೆ.”
ತೌನೊನ ಎಂಬತ್ತರ ಹಾಳೆಯಲ್ಲಿ:
“ನಿನ್ನೆ ಹೆಂಡತಿಯನ್ನು ಮಣ್ಣು ಮಾಡಿ ಬಂದರು. ಆದರೂ ಬಂದರು.”
ಇಪ್ಪತ್ತೆರಡು ಕಿಲೊ.
ಇದು ವಯಸ್ಸಲ್ಲ, ತಲೆಮಾರಲ್ಲ, ಕಾಲವೂ ಅಲ್ಲ.
ಇದನ್ನು ನಮ್ಮ ಭಾಷೆಯಲ್ಲಿ ಶೇಷ ಎನ್ನುತ್ತೇವೆ,
ಅದರ ಮೊತ್ತ ಸೊನ್ನೆಯಾಗಬೇಕು.

ಈ ಸುತ್ತಿಗೆ ಔನೆಯೇ ಬಂದಳು, ಎಂಬತ್ತೈದು, ಕೆಂಪು ಉಣ್ಣೆ ಟೋಪಿ.
ಯಂತ್ರವನ್ನು ತಿರುಗಿಸಿ ನೋಡಿ ಮೂಗು ಮುರಿದಳು.
ನಿಯಮದಂತೆ ನಾನು ಏರಿಳಿತವಿಲ್ಲದೆ ಓದಿದೆ:
ಹಿಂಡಿ. ಬಿಡಿ.
ಹದಿನಾರು.

“ಹೀಗಾ ಹೇಳುವುದು? ಹೆಣಕ್ಕೆ ಹೇಳಿದ ಹಾಗೆ?
ನಾನು ಕೂಗುತ್ತಿದ್ದೆ ಕಣೆ, ಗೋಡೆಯಾಚೆ ಕೇಳುವಂತೆ,
ಇನ್ನೂ! ಇನ್ನೂ! ಇನ್ನೂ ಇದೆ ನಿಮ್ಮಲ್ಲಿ ಅಂತ.
ಕೂಗಿದರೆ ಎರಡು ಕಿಲೊ ಹೆಚ್ಚು, ಗೊತ್ತಾ?”

ಗೊತ್ತಿರಲಿಲ್ಲ. ಹದಿನೈದು ವರ್ಷದ ಅಂಕಿಗಳಲ್ಲಿ
ಒಬ್ಬ ಹೆಂಗಸಿನ ಗಂಟಲಿತ್ತು.
ಯಾವ ಹಾಳೆಯಲ್ಲೂ ಅದಕ್ಕೆ ಮನೆ ಇಲ್ಲ.

ಬಾಗಿಲು ಮುಚ್ಚಿದೆ.
ಇನ್ನೊಮ್ಮೆ ಎಂದೆ. ಹಿಡಿಯನ್ನು ಅವಳ ಕೈಗಿಟ್ಟೆ.
ಕೂಗಿದೆ.